ಮೊದಲ ರೊಟ್ಟಿ

ಯಶೋಧರಾ ಚಿತ್ರ ಬಿಡಿಸಿ ಬರೆದ ಮಕ್ಕಳ ಪುಸ್ತಕ ಅನಿಮೇಷನ್ ಸಿನಿಮಾ ಆಗುವುದರಲ್ಲಿತ್ತು. ಒಪ್ಪಂದಕ್ಕೆ ಅವಳ ಸಹಿಯೊಂದೇ ಬಾಕಿ. ಕಡಗಂಚಿಯ ಮನೆಯಲ್ಲಿ ಅವ್ವ ಕಸ್ತೂರಿಬಾಯಿ ಒಲೆ ಮುಂದೆ ಕೂತು ರೊಟ್ಟಿ ಬಡಿಯಲು ಶುರುಮಾಡಿದ್ದಳು. ಫೋನಿನಲ್ಲಿ ನಿರ್ದೇಶಕನ ಮುಖ ಮೂಡಿತು.

"ಮೇಡಂ, ಒಂದೇ ಬದಲಾವಣೆ. ಹೊಲದಲ್ಲಿ ಕಳೆ ಕಿತ್ತು ಬಂದ ತಾಯಿ ಮೊದಲ ರೊಟ್ಟಿ ತಾನೇ ತಿನ್ನೋದು ಬೇಡ. ಎಲ್ಲರಿಗೂ ಬಡಿಸಿ, ಕೊನೆಗೆ ಖಾಲಿ ಬುಟ್ಟಿ ನೋಡಿ ನಗಲಿ. ಜನ ಅಳ್ತಾರೆ."

ಯಶೋಧರಾಗೆ ಮೈ ಉರಿಯಿತು. ಗಂಡಸರು ಕಾಯುತ್ತ ಕೂತಿರುವಾಗ ಅವ್ವ ಬಿಸಿ ರೊಟ್ಟಿ ಮುರಿಯುವ ಆ ಒಂದು ಪುಟಕ್ಕಾಗಿಯೇ ಅವಳು ಇಡೀ ಪುಸ್ತಕ ಮಾಡಿದ್ದಳು. ಊರವರು ಅವ್ವನನ್ನು ಹೊಟ್ಟೆಬಾಕಿ ಎಂದು ಆಡಿಕೊಂಡಿದ್ದೂ ಹಾಗೆ ಮೊದಲು ತಿನ್ನುತ್ತಿದ್ದುದಕ್ಕೇ.

"ಆಗೂದಿಲ್ರಿ. ಆ ಪುಟ ತೆಗದ್ರ ನಾ ಸಹಿ ಮಾಡಂಗಿಲ್ಲ. ಸಿನಿಮಾ ನಿಂತ್ರ ನಿಲ್ಲಲಿ."

"ಯೋಚನೆ ಮಾಡಿ ಮೇಡಂ. ಇಂಥ ತಾಯಿನ ಯಾರು ನೋಡ್ತಾರೆ?"

"ಫೋನ್ ಈ ಕಡಿ ತಿರುಗಸು ಬೇ," ಎಂದಳು ಕಸ್ತೂರಿಬಾಯಿ.

ಹಂಚಿನಿಂದ ಆಗಷ್ಟೇ ಎತ್ತಿದ ಮೊದಲ ರೊಟ್ಟಿ ಮುರಿದು, ಪುಂಡಿಪಲ್ಲೆ ಹಚ್ಚಿ, ಅವನನ್ನೇ ದಿಟ್ಟಿಸುತ್ತ ಬಾಯಿಗಿಟ್ಟಳು. ನಿಧಾನವಾಗಿ ಅಗಿದು ನುಂಗಿದಳು.

"ನೀ ನೋಡಾಕತ್ತೀಯಲ್ಲೋ ತಮ್ಮಾ!"