ಒತ್ತಿಲ್ಲದ ಪದ

ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದೆ. ಅಂಗಡಿ ನಡೆಸಲು ಅಲ್ಲ; ಪೊರಕೆ ಅಲ್ಲಿತ್ತು.

ಮನೆಯ ಮುಂದಿನ ಕೋಣೆಯೇ ಅಂಗಡಿ. ನನ್ನ ಗಂಡ ಅಲ್ಲಿ ಸಮಾಧಿ ಕಲ್ಲುಗಳ ಮೇಲೆ ಅಕ್ಷರ ಕೊರೆಯುತ್ತಿದ್ದ. ನಾನು ವಿಶ್ವವಿದ್ಯಾಲಯದಲ್ಲಿ ವ್ಯಾಕರಣ ಓದಿದವಳು. ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಡುವುದು ನನ್ನ ಪಾಲಿನ ಕೆಲಸ. ಹನ್ನೆರಡು ದಿನಗಳ ಹಿಂದೆ, ಊಟಕ್ಕೆ ಮೊದಲು ಬಂದುಬಿಡುತ್ತೇನೆ ಎಂದು ಸೈಕಲ್ ಹತ್ತಿ ಹೋದ. ತಿರುವಿನಲ್ಲಿ ಲಾರಿ ಇತ್ತು.

ಮೇಜಿನ ಮೇಲೆ ಅವನು ಬಿಟ್ಟುಹೋದ ಕಲ್ಲು ಹಾಗೆಯೇ ಇತ್ತು. 'ಮಕಳು ಮೊಮಕಳು ನಿಲಿಸಿದ ಕಲು.'

ಅದು ತಪ್ಪಲ್ಲ. ಅವನು ಕೆಲಸ ಮಾಡುತ್ತಿದ್ದ ರೀತಿ. ಮೇಲಿನ ಅಕ್ಷರಗಳನ್ನೆಲ್ಲ ಮೊದಲು ಮುಗಿಸುತ್ತಿದ್ದ. ಒತ್ತಕ್ಷರಗಳನ್ನು ಕೊನೆಗೆ, ಕೂತಲ್ಲಿಂದ ಏಳದೆ, ಒಂದು ತೆಳುವಾದ ಉಳಿಯಿಂದ ಕೊರೆಯುತ್ತಿದ್ದ. ಆ ಉಳಿ ಅವನದಲ್ಲ. ಅವನಿಗೆ ಕೆಲಸ ಕಲಿಸಿದ ಮುದುಕರದು. ಅವರನ್ನು ಎಲ್ಲರೂ ಕಲ್ಲುತಾತ ಎನ್ನುತ್ತಾರೆ. ಎರಡು ದಿನಕ್ಕೆಂದು ತಂದದ್ದು ಎರಡು ವರ್ಷವಾಗಿತ್ತು.

ಹತ್ತು ಗಂಟೆಗೆ ಆ ಕಲ್ಲು ಮಾಡಲು ಹೇಳಿದ್ದವರು ಬಂದರು. ಕನ್ನಡಕ ಏರಿಸಿ ಓದಿದರು.

"ಏನಮ್ಮಾ ಇದು, ಮಕಳು? ನಮ್ಮಪ್ಪ ಮೇಷ್ಟ್ರಾಗಿದ್ದೋರು. ಕಾಗುಣಿತ ತಪ್ಪಿದ್ರೆ ಎದ್ದು ಬಂದು ನನ್ನ ಕಿವಿ ಹಿಂಡ್ತಾರೆ, ಅಷ್ಟೆ."

"ಒತ್ತು ಇನ್ನೂ ಹಾಕಿಲ್ಲ ಅಣ್ಣಾ."

"ಯಾವಾಗ ಹಾಕ್ತಾರೆ?"

ಅವರಿಗೆ ಗೊತ್ತಿರಲಿಲ್ಲ. ಹೇಳಿದೆ. ಅವರು ಸ್ಟೂಲಿನ ಮೇಲೆ ಕುಳಿತುಬಿಟ್ಟರು.

"ಅಯ್ಯೋ. ಸಣ್ಣ ವಯಸ್ಸು. ಮಕ್ಕಳು?"

"ಇಲ್ಲಪ್ಪಾ," ಒಳಗಿನಿಂದ ಅತ್ತೆ ಅಂದರು. "ಒಂದು ಕುಡೀನಾದ್ರೂ ಬಿಟ್ಟು ಹೋಗ್ಲಿಲ್ಲ."

ಹೋದ ವರ್ಷ ನಮಗೆ ಮಗಳು ಹುಟ್ಟಿದ್ದಳು. ಏಳು ತಿಂಗಳಿಗೇ ಹುಟ್ಟಿ ನಾಲ್ಕು ಗಂಟೆ ಇದ್ದಳು. ಆಸ್ಪತ್ರೆಯ ಕಾಗದದಲ್ಲಿ 'ಹೆಣ್ಣು ಶಿಶು' ಎಂದಿತ್ತು. ಅತ್ತೆ 'ಅದು' ಎಂದರು. 'ಅದು ಉಳಿಯೋ ಹಾಗಿರ್ಲಿಲ್ಲ, ಅದನ್ನ ಮನಸ್ಸಿಗೆ ಹಚ್ಕೋಬೇಡ.' ಅವರದು ತಪ್ಪೆನ್ನಲಾರೆ. ಮಗು ಎಂಬುದು ನಪುಂಸಕಲಿಂಗ. ನಮ್ಮ ಮಾತಿನಲ್ಲಿ ಎಲ್ಲ ಮಗುವೂ ಅದು. ಆದರೆ ಅವನು ಒಮ್ಮೆಯೂ ಹಾಗೆ ಅನ್ನಲಿಲ್ಲ. 'ಅವಳ ಕಿವಿ ನಿನ್ನ ಥರಾನೇ ಇತ್ತಲ್ವಾ' ಎಂದು ಊಟ ಮಾಡುತ್ತ, ಉಗುರು ಕತ್ತರಿಸುತ್ತ ಕೇಳುತ್ತಿದ್ದ. ಈಗ ಅವಳನ್ನು ಅವಳು ಎನ್ನುವವರಲ್ಲಿ ನಾನೊಬ್ಬಳೇ ಉಳಿದೆ.

ಬಂದವರು ಹೋದ ಮೇಲೆ ಗೋಡೆಗೆ ಒರಗಿಸಿದ್ದ ಚಿಕ್ಕ ಕಲ್ಲೊಂದನ್ನು ಎಳೆದುಕೊಂಡೆ. ಸೀಮೆಸುಣ್ಣದಲ್ಲಿ ಅವನ ಹೆಸರು ಬರೆದೆ. ಅದರ ಕೆಳಗೆ ಎರಡು ಪದ ಬರೆದೆ.

ಅತ್ತೆ ಬಂದು ನಿಂತರು. ಅವರಿಗೆ ಓದು ಬರುವುದಿಲ್ಲ; ಮಗನ ಹೆಸರನ್ನು ಮಾತ್ರ ನೋಡಿ ಗುರುತಿಸುತ್ತಾರೆ. "ಹೆಸರು ಗೊತ್ತಾಯ್ತು. ಕೆಳಗೆ ಏನದು?"

ಏನಾದರೂ ಹೇಳಿಬಿಡಬಹುದಿತ್ತು.

"ಮಗಳ ತಂದೆ."

"ಯಾವ ಮಗಳು?"

"ನಮ್ಮ ಮಗಳು, ಅತ್ತೆ."

ಅವರು ಸ್ವಲ್ಪ ಹೊತ್ತು ಸೆರಗಿನ ಅಂಚನ್ನು ಮಡಿಸಿದರು, ಬಿಡಿಸಿದರು. "ನೋಡ್ದೋರು ಕೇಳ್ತಾರೆ ಮಗೂ, ಮಗಳೆಲ್ಲಿ ಅಂತ. ನಾನು ಬಾಯಿ ಬಿಟ್ಟು ಏನಂತ ಹೇಳ್ಲಿ? ಒಂದು ಸಲ ಹೇಳಿದ್ದೇ ಸಾಕಾಗಿದೆ."

ಇಪ್ಪತ್ತೊಂಬತ್ತು ವರ್ಷದ ನನ್ನನ್ನು ಅವರು ಮಗು ಎನ್ನುತ್ತಾರೆ. ಅವರು ಒಳ್ಳೆಯವರು.

"ಅಳಿಸಲಾ?" ಎಂದೆ.

ಒದ್ದೆ ಬಟ್ಟೆ ತಂದರು. ಹೆಸರಿನ ಸುತ್ತ ಕೂತಿದ್ದ ಧೂಳು ಒರೆಸಿದರು. ಕೆಳಗಿನ ಸಾಲಿನ ಹತ್ತಿರ ಕೈ ನಿಂತಿತು.

"ತಾತನ್ನ ಕೇಳು," ಅಂದರು. "ಅವ್ರು ಆಗಲ್ಲ ಅಂದ್ರೆ ಅಳಿಸು. ಹೂಂ ಅಂದ್ರೆ, ಇರ್ಲಿ."

ಉಳಿಯನ್ನು ಅವನು ಒಂದು ಹಳೆಯ ಅಂಗಿಯ ತೋಳಿನಲ್ಲಿ ಸುತ್ತಿಡುತ್ತಿದ್ದ. ಹಾಗೆಯೇ ತೆಗೆದುಕೊಂಡು ಎರಡು ಬೀದಿ ದಾಟಿದೆ.

ಕಲ್ಲುತಾತ ಶೆಡ್ಡಿನ ಬಾಗಿಲಲ್ಲಿ ಕಾಲು ಚಾಚಿ ಕುಳಿತಿದ್ದರು. ನನ್ನ ಕೈಯಲ್ಲಿದ್ದದ್ದನ್ನು ನೋಡಿದರು.

"ಅಂತೂ ಬಂತಾ! ನನ್ಮಗ, ಎರಡೇ ದಿನ ತಾತ ಅಂತ ಹಲ್ಲು ಕಿರ್ದು ತಗೊಂಡ್ಹೋದೋನು…"

ನಿಲ್ಲಿಸಿದರು. ಕೆಲಸ ಕಲಿಯಲು ಬಂದವರನ್ನೆಲ್ಲ ಅವರು ನನ್ಮಗ ಎಂದೇ ಬೈಯುವುದು. ಸುತ್ತಿಗೆ ಜಾರಿದರೂ ನನ್ಮಗ, ಚಹಾ ತಣ್ಣಗಾದರೂ ನನ್ಮಗ. ಈಗ ಇನ್ನೊಮ್ಮೆ ಅಂದರು, ನಡುವೆ ಉಸಿರು ಬಿಟ್ಟು: "ನನ್ನ ಮಗ." ಬೈಗುಳ ಎರಡು ಪದವಾಗಿತ್ತು.

ಮೇಷ್ಟ್ರ ಕಲ್ಲು ಅರ್ಧಕ್ಕೆ ನಿಂತದ್ದು, ನಾನು 'ಮಗಳ ತಂದೆ' ಎಂದು ಬರೆದದ್ದು, ಅತ್ತೆ ಅಂದದ್ದು, ಎಲ್ಲ ಹೇಳಿದೆ. ಅವರು ಆಗದು ಎಂಬಂತೆ ತಲೆಯಾಡಿಸಿದರು.

"ಮಕ್ಕಳ ಸಾಲಲ್ಲಿ ಬದುಕಿರೋರನ್ನ ಹಾಕೋದಮ್ಮ. ಕಲ್ಲು ನಿಲ್ಸೋರು ಅವ್ರಲ್ವಾ."

"ಇದು ಕಲ್ಲು ನಿಲ್ಲಿಸಿದೋರ ಸಾಲಲ್ಲ ತಾತ. ಅವನು ಏನಾಗಿದ್ದ ಅನ್ನೋ ಸಾಲು."

ರಸ್ತೆಯಲ್ಲಿ ಯಾರೋ ತಗಡಿನ ಹಾಳೆ ಎಳೆದುಕೊಂಡು ಹೋದರು. ತಾತ ಚಾಚಿದ್ದ ಕಾಲನ್ನು ಮಡಚಿಕೊಂಡರು.

"ಅವಳ ಕಿವಿ ನಿನ್ನ ಥರ ಇತ್ತಂತೆ," ಅಂದರು.

ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ.

"ಇಲ್ಲೇ ಕೂತು ಹೇಳಿದ್ದ. ಎಷ್ಟು ಸಲ! ಸಾಕು ನಿಲ್ಸೋ ನನ್ಮಗನೇ, ಕೆಲಸ ನೋಡು ಅಂದೆ. ಅನ್ಬಾರ್ದಿತ್ತು." ಪೆನ್ಸಿಲ್ ಮುಂದೆ ಮಾಡಿದರು. "ಬರ್ದು ತೋರ್ಸು. ಎಷ್ಟು ಜಾಗ ಹಿಡಿಯುತ್ತೆ ನೋಡೋಣ."

ಬರೆದೆ. ಅವರು ಬೆರಳಿಟ್ಟು ಒಂದೊಂದೇ ಅಕ್ಷರ ದಾಟಿದರು. ಅವನ ಹೆಸರು ಮುಗಿಯಿತು. ಮ, ಗ, ಳ. ತಂ, ದೆ.

"ಇದ್ರಲ್ಲಿ ಒತ್ತೇ ಇಲ್ವಲ್ಲಮ್ಮ."

"ಇಲ್ಲ ತಾತ."

"ಹಾಗಾದ್ರೆ ಅವನ ಸುತ್ತಿಗೆ, ಅವನ ದಪ್ಪ ಉಳಿ ಸಾಕು. ನಾಳೆ ಬೆಳಿಗ್ಗೆ ಅಲ್ಲಿಗೇ ಬಂದು ಕೊರೀತೀನಿ. ನಿಮ್ಮತ್ತೇಗೆ ಹೇಳು, ನಾನು ಹೂಂ ಅಂದೆ ಅಂತ. ಮೇಷ್ಟ್ರ ಕಲ್ಲನ್ನ ಇಲ್ಲಿಗೆ ಕಳ್ಸು. ಅದಕ್ಕೆ ಈ ಉಳಿ ಬೇಕು."

ಕೈ ಚಾಚಿದರು. ನಾನು ಬಟ್ಟೆ ಬಿಚ್ಚಿ ಉಳಿಯನ್ನು ಅವರ ಅಂಗೈಯಲ್ಲಿಟ್ಟೆ. ಅಂಗಿಯ ತೋಳನ್ನು ಮಡಿಸಿ ನಾನು ಇಟ್ಟುಕೊಂಡೆ.