ಐದನೆಯ ಮನೆ

ಹಡಗಿನ ಸಾಮಾನು ನೋಡಲು ಪ್ರಭುಗಳ ಕಡೆಯ ಅಧಿಕಾರಿ ಮಧ್ಯಾಹ್ನ ಬರುವವನಿದ್ದ. ಅವನ ಕಿವಿಗೆ ಹಾಕಿಯೇ ಬಿಡುತ್ತೇನೆಂದು ನಾನು ಅಡುಗೆಗಿದ್ದ ಮನೆಯ ಡಚ್ ವ್ಯಾಪಾರಿ ಯೋರಿಸ್ ದಣಿ ಬೆಳಗಿನಿಂದ ಅತ್ತಿಂದಿತ್ತ ನಡೆಯುತ್ತಿದ್ದರು. ಅವರ ಜೋಡಿ ಗಾಜಿನ ಲೋಟಗಳಲ್ಲಿ ಒಂದು ಕಳುವಾಗಿತ್ತು.

ಕದ್ದವನು ಯಾರೆಂದು ನನಗೆ ಗೊತ್ತಿತ್ತು. ನಮ್ಮ ಪಕ್ಕದ ಮನೆಯ ಗೆನ್ಪಾಚಿ, ಹಡಗುಕಟ್ಟೆಯಲ್ಲಿ ಮೂಟೆ ಹೊರುವವನು. ಅವನ ಹೆಂಡತಿ ಲೋಟವನ್ನು ಬಿಸಿಲಿಗೆ ಹಿಡಿದು, “ನೋಡೇ ಒತಾಕಿ, ಹೆಪ್ಪುಗಟ್ಟಿದ ನೀರು,” ಎಂದು ನನಗೇ ತೋರಿಸಿದ್ದಳು. ನಮ್ಮ ಹಿರಾದೋ ಬಂದರಿನಲ್ಲಿ ಕಳ್ಳನಿಗೆ ತಲೆ ಉಳಿಯುವುದಿಲ್ಲ. ಅಷ್ಟಕ್ಕೇ ಮುಗಿಯುವುದೂ ಇಲ್ಲ. ಐದು ಮನೆಗೊಂದು ಗುಂಪು, ಒಬ್ಬ ತಪ್ಪಿದರೆ ಐದೂ ಮನೆ ಹೊಣೆ. ನೋಡಿಯೂ ಬಾಯಿ ಮುಚ್ಚಿಕೊಂಡಿದ್ದ ನನಗೆ, ನನ್ನ ಗಂಡನಿಗೆ, ಹೆಣ್ಣುಮಕ್ಕಳಿಗೆ ಏನು ಕಾದಿತ್ತೋ.

ತೊಳೆದ ಅಕ್ಕಿಯನ್ನೇ ಮತ್ತೆ ತೊಳೆಯುತ್ತಿದ್ದೆ.

“ನಿಮ್ಮ ಕಾನೂನು ಬಲು ಚೆಂದ, ಒತಾಕಿ,” ಎಂದರು ದಣಿ. “ನಮ್ಮಲ್ಲಿ ಕಳ್ಳನಿಗೆ ಚಾಟಿಯೇಟು. ಬೆನ್ನು ಮಾಯ್ತಿದ್ದ ಹಾಗೆ ಮತ್ತೆ ಬರ್ತಾನೆ. ಇಲ್ಲಿ ಬಾಗಿಲಿಗೆ ಬೀಗವೇ ಬೇಡ.”

“ಬೀಗ ಇಲ್ದಿದ್ದಕ್ಕೇ ಅಲ್ವಾ ಲೋಟ ಹೋಗಿದ್ದು?”

“ನಿನ್ನ ನಾಲಿಗೆಗೆ ಏನು ಶಿಕ್ಷೆ ಅಂತ ಆ ಅಧಿಕಾರಿಯನ್ನೇ ಕೇಳ್ತೀನಿ.”

“ಲೋಟಕ್ಕೆ ತಲೆ, ಜಾಸ್ತಿ ಆಗ್ಲಿಲ್ವಾ ದಣೀ?”

“ನಾನು ಮಾಡಿದ ಕಾನೂನಾ ಅದು? ನಿಮ್ಮದೇ.”

ಬೀದಿಯ ತುದಿಯಲ್ಲಿ ಅಧಿಕಾರಿಯ ಆಳುಗಳು ದಾರಿ ಬಿಡಿಸುವ ಕೂಗು ಕೇಳಿತು. ಅಕ್ಕಿ ಅಲ್ಲೇ ಬಿಟ್ಟು ಎದ್ದೆ.

“ನೀವು ಬಾಡಿಗೆಗಿರೋ ಈ ಮನೆ ನಮ್ಮ ಗುಂಪಿನ ಐದನೇದು. ಮನೆ ಒಡೆಯ ಊರಲ್ಲಿಲ್ಲ. ಇರೋರು ನೀವು.”

“ಕಳಕೊಂಡವನು ನಾನು ಕಣೆ.”

“ಗುಂಪಲ್ಲಿ ಕಳ್ಳ ಹುಟ್ಟಿದ್ರೆ ಕಳಕೊಂಡೋರು ಬೇರೆ ಅಂತ ಎಣಿಸಲ್ಲ.”

ದಣಿ ನಿಂತುಬಿಟ್ಟರು. “ಅಂದ್ರೆ ಕಳ್ಳ ಈ ಸಾಲಿನೋನೇ. ನಿನಗೆ ಗೊತ್ತು.”

ಬಾಯಿ ಜಾರಿತ್ತು. “ಕೇಳ್ಬೇಡಿ,” ಎಂದೆ. “ನಂಗೆ ಗೊತ್ತಿತ್ತು ಅಂತಾದ್ರೆ ನನ್ನ ಮಕ್ಕಳು ಉಳಿಯಲ್ಲ.”

ಪರದೇಶದವರನ್ನು ಗುಂಪಿಗೆ ಸೇರಿಸುತ್ತಾರೋ ಇಲ್ಲವೋ, ನನಗೇನು ಗೊತ್ತು. ದಣಿಗೂ ಗೊತ್ತಿರಲಿಲ್ಲ. ಕತ್ತು ಮಾತ್ರ ಸವರಿಕೊಂಡರು.

ಅಧಿಕಾರಿ ಬಂದು ಕೂತ. ಉಳಿದಿದ್ದ ಗಾಜಿನ ಲೋಟಕ್ಕೆ ಸಾಕೆ, ಅಕ್ಕಿಯ ಹೆಂಡ, ಬಗ್ಗಿಸಿದೆ; ಅರ್ಧ ಚಾಪೆಗೆ ಚೆಲ್ಲಿತು.

“ಗಾಜಿನ ಜೋಡಿ ಇತ್ತಲ್ಲ, ಇನ್ನೊಂದೆಲ್ಲಿ?” ಎಂದ ಅವನು.

ದಣಿ ನನ್ನನ್ನು ನೋಡಿದರು.

“ಇವಳು ಒಡೆದು ಹಾಕಿದ್ಲು.”

“ಅಂಥಾ ಲೋಟವನ್ನ? ಏನು ಶಿಕ್ಷೆ ಕೊಟ್ರಿ?”

“ನಮ್ಮ ಕಡೆ ಬೈದು ಬಿಡ್ತೀವಿ.”

“ಬರೀ ಬೈಗುಳವೇ?” ಅಧಿಕಾರಿ ತೊಡೆ ತಟ್ಟಿ ನಕ್ಕ. “ಅದಕ್ಕೇ ನಿಮ್ಮ ಆಳುಗಳು ಹಾಗಿರೋದು. ಎಲ್ಲಿ, ಬೈಯಿರಿ ನೋಡೋಣ.”

ದಣಿ ಎದ್ದು ನಿಂತು ತಮ್ಮ ಭಾಷೆಯಲ್ಲಿ ಬೈಯತೊಡಗಿದರು. ಒಂದು ಮಾತೂ ನನಗೆ ತಿಳಿಯಲಿಲ್ಲ. ಹಣೆಯನ್ನು ಚಾಪೆಗೆ ಒತ್ತಿ, ಅಧಿಕಾರಿ ನಗುತ್ತಿರುವಷ್ಟು ಹೊತ್ತೂ ಈ ಬೈಗುಳ ನಿಲ್ಲದಿರಲಿ ಎಂದುಕೊಂಡೆ.