ಬಿದ್ದವರ ಬಹುಮಾನ

ಬೀಳುವುದರಲ್ಲಿ ನನ್ನಣ್ಣ ಎತ್ತಿದ ಕೈ. ಇದು ಹೊಟ್ಟೆಕಿಚ್ಚಿನ ಮಾತೆಂದು ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ, ಹೊಟ್ಟೆಕಿಚ್ಚೂ ಇದೆ. ವಾರವೆಲ್ಲ ತನ್ನ ಡ್ರೈವಿಂಗ್ ಸ್ಕೂಲಿನಲ್ಲಿ ಕಂಡವರ ಮಕ್ಕಳಿಗೆ ಕ್ಲಚ್ಚನ್ನು ನಿಧಾನವಾಗಿ ಬಿಡುವುದು ಹೇಗೆಂದು ಕಲಿಸುತ್ತಾನೆ. ಭಾನುವಾರ ನಮ್ಮ ರೇಸ್ ಕ್ಲಬ್ಬಿಗೆ ಬಂದು ಬೀಳುತ್ತಾನೆ. ಕ್ಲಬ್ಬಿನಲ್ಲಿ ಎಲ್ಲರೂ ಅವನನ್ನು ಮೇಷ್ಟ್ರು ಎಂದೇ ಕರೆಯುವುದು.

ಬಿದ್ದದ್ದು ಎಂದೂ ಅವನ ತಪ್ಪಲ್ಲ. ಮೊದಲನೆಯ ಬೈಕು ಬಿದ್ದಾಗ ಅದರ ಬ್ರೇಕು ಸರಿಯಿರಲಿಲ್ಲ, ಆದ್ದರಿಂದ ಒಳ್ಳೆಯ ಬ್ರೇಕಿನ ಬೈಕು ಬಂತು. ಅದು ಬಿದ್ದಾಗ ಮುಂದಿನ ಚಕ್ರ ಹಿಡಿಯುವ ಫೋರ್ಕು ಮೆತ್ತಗಿತ್ತು, ಆದ್ದರಿಂದ ಇನ್ನೂ ದೊಡ್ಡದು ಬಂತು. ಅದೂ ಒಂದು ತಿರುವಿನಲ್ಲಿ ಅಡ್ಡ ಮಲಗಿದಾಗ ಎಂಜಿನ್ನಿಗೆ ಎಳೆತ ಸಾಲದು ಎಂದ. ಎಳೆತ ಸಾಲದೆ ಯಾರಾದರೂ ಬೀಳುತ್ತಾರಾ ಎಂದು ನಾನು ಕೇಳಿದ್ದಕ್ಕೆ ಅಮ್ಮ, "ಅದೆಲ್ಲ ಅವನಿಗೆ ಗೊತ್ತಿರುತ್ತೆ, ನೀನು ಸುಮ್ನಿರು" ಎಂದಳು. ಒಟ್ಟಿನಲ್ಲಿ ಅವನು ಬಿದ್ದು ಎದ್ದಾಗಲೆಲ್ಲ ಮನೆಯ ಶೆಡ್ಡಿಗೆ ಮೊದಲಿಗಿಂತ ದೊಡ್ಡ ಬೈಕು ಬರುತ್ತಿತ್ತು.

ಆ ಮೊದಲನೆಯ ಬೈಕನ್ನು ನನಗೆ ಕೊಟ್ಟ. "ಗುಜರಿಗೆ ಹಾಕೋ ಬದಲು ನೀನೇ ಇಟ್ಕೋ" ಎಂದು ಕ್ಲಬ್ಬಿನವರ ಎದುರಿಗೇ ಹೇಳಿದ. ಮೇಷ್ಟ್ರ ಮನಸ್ಸು ಎಷ್ಟು ದೊಡ್ಡದು ಎಂದು ಎಲ್ಲರೂ ಹೊಗಳಿದರು. ನಾನು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ಕಣ್ಣಿಗೆ ಕಾಣದಂಥ ಸ್ಕ್ರೂಗಳ ಜೊತೆ ಏಗಿ ಅಭ್ಯಾಸ. ಸಂಜೆ ಸಂಜೆ ಕುಳಿತು ಆ ಬೈಕನ್ನು ಮನುಷ್ಯರು ಕೂರುವ ಹಾಗೆ ಮಾಡಿದೆ. ಆಮೇಲೆ ಅವನು ಒಂದೊಂದು ಸಲ ಬಿದ್ದಾಗಲೂ ಮುರಿಯದೆ ಉಳಿದದ್ದು ನನಗೆ ಬರತೊಡಗಿತು. ಎರಡನೆಯ ಬೈಕಿನ ಬ್ರೇಕು ಬಂತು, ಮೂರನೆಯದರ ಸೀಟು ಬಂತು. ಅವನು ಬಿದ್ದ ಹಾಗೆಲ್ಲ ನನ್ನ ಬೈಕು ಸುಧಾರಿಸುತ್ತಿತ್ತು. ಆ ಉಪಕಾರವನ್ನು ನಾನು ಮರೆಯದ ಹಾಗೆ ಅವನೂ ಅಮ್ಮನೂ ಸರದಿಯಂತೆ ನೋಡಿಕೊಂಡರು.

ಆ ಬೈಕಿನಲ್ಲಿ ನಾನೇ ಮಾಡಿದ್ದು ಎಂದರೆ ಗೇರ್ ಲಿವರ್ ಒಂದೇ. ಅದನ್ನು ಅಂಗಡಿಯ ಹಿಂದಿನ ಕೋಣೆಯಲ್ಲೇ ಕತ್ತರಿಸಿ, ಬಗ್ಗಿಸಿ, ತುದಿಯನ್ನು ನನ್ನ ಕಾಲಿನ ಹೆಬ್ಬೆರಳಿನ ಅಳತೆಗೆ ಅರದಿಂದ ಉಜ್ಜಿ ಮಾಡಿದ್ದೆ. ಅಣ್ಣನ ಬೈಕುಗಳಲ್ಲಿ ಗೇರು ಏರಿಸಬೇಕಾದರೆ ಲಿವರನ್ನು ಎಡಗಾಲಿನಿಂದ ಮೇಲೆತ್ತಬೇಕು. ಎಡತಿರುವಿನಲ್ಲಿ ಬೈಕು ಪೂರ್ತಿ ವಾಲಿರುವಾಗ ಲಿವರಿನ ಕೆಳಗೆ ಬೆರಳು ತೂರಿಸಲು ಜಾಗವೇ ಇರುವುದಿಲ್ಲ. ಅದಕ್ಕೆ ನಾನು ತಿರುಗಿಸಿ ಹಾಕಿಕೊಂಡಿದ್ದೆ: ತುಳಿದರೆ ಏರುತ್ತದೆ, ಎತ್ತಿದರೆ ಇಳಿಯುತ್ತದೆ. ಕಾಲು ಒಪ್ಪಿಕೊಳ್ಳಲು ತಿಂಗಳುಗಳೇ ಹಿಡಿದವು. ಒಪ್ಪಿಕೊಂಡ ಮೇಲೆ ಎಡತಿರುವುಗಳಲ್ಲಿ ನನ್ನನ್ನು ಹಿಡಿಯುವವರು ಕಡಿಮೆಯಾದರು.

ಆ ವರ್ಷ ಚಿಕ್ಕ ಬೈಕುಗಳ ವಿಭಾಗದಲ್ಲಿ ನಾನೇ ಮುಂದಿದ್ದೆ. ಕೊನೆಯ ರೇಸಿನಲ್ಲಿ ಬೀಳದೆ ಗುರಿ ಮುಟ್ಟಿದರೆ ಸಾಕು, ವರ್ಷದ ಷೀಲ್ಡು ನನ್ನದು. ನಮ್ಮ ಮನೆಯ ಶೋಕೇಸಿನ ತುಂಬ ಬೈಕಿಗೆ ಒರಗಿ ನಿಂತ ಅಣ್ಣನ ಫೋಟೋಗಳಿವೆ. ಅವುಗಳನ್ನು ಸ್ವಲ್ಪ ಸರಿಸಿ, ಯಾರಿಗೂ ಹೇಳದೆ, ಒಂದು ಷೀಲ್ಡು ಹಿಡಿಯುವಷ್ಟು ಜಾಗವನ್ನು ಒರೆಸಿಟ್ಟಿದ್ದೆ.

ಕೊನೆಯ ರೇಸಿನ ದಿನ ಬೆಳಗಿನ ಅಭ್ಯಾಸದಲ್ಲೇ ಅಣ್ಣ ಬಿದ್ದ. ಟೈರು ಇನ್ನೂ ಬಿಸಿಯಾಗಿರಲಿಲ್ಲವಂತೆ. ಹೊಸ ಬೈಕಿನ ಫೋರ್ಕು ಬಗ್ಗಿ, ಅದನ್ನು ನಾಲ್ಕು ಜನ ಹೊತ್ತು ತಂದರು. ಅವನಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಅವತ್ತೇ ಅವನ ಡ್ರೈವಿಂಗ್ ಸ್ಕೂಲಿನ ಶಿಷ್ಯರೆಲ್ಲ ಮೇಷ್ಟ್ರ ರೇಸು ನೋಡಲೆಂದು ಬಂದು ಬೇಲಿಗೆ ಜೋತುಬಿದ್ದಿದ್ದರು.

ನಮ್ಮ ಕ್ಲಬ್ಬಿನಲ್ಲೊಂದು ಪದ್ಧತಿ ಇದೆ. ಬೈಕು ಕೆಟ್ಟವನು ಬಂದು ಕೇಳಿದರೆ, ತಮ್ಮ ಬೈಕು ಆ ಹೊತ್ತಿಗೆ ಸುಮ್ಮನೆ ನಿಂತಿರುವವರು ಇಲ್ಲ ಎನ್ನುವ ಹಾಗಿಲ್ಲ. ಎಲ್ಲ ಬೈಕುಗಳೂ ಓಡುವ ಓಪನ್ ರೇಸು ಊಟಕ್ಕೆ ಮುಂಚೆ; ನನ್ನ ರೇಸು ಊಟದ ನಂತರ. ಅಣ್ಣ ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ನೇರ ನನ್ನ ಹತ್ತಿರ ಬಂದ.

"ಒಂದು ರೇಸು ಅಷ್ಟೇ ಕಣೇ. ಹೇಗೆ ತಗೊಂಡ್ ಹೋಗ್ತೀನೋ ಹಾಗೇ ತಂದು ನಿಲ್ಲಿಸ್ತೀನಿ."

"ಇವತ್ತು ಬೇಡ ಅಣ್ಣ. ನನ್ನ ಷೀಲ್ಡು ಇದರ ಮೇಲೇ ನಿಂತಿದೆ."

"ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

ಇಲ್ಲ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಮಡಚುವ ಕುರ್ಚಿಯಲ್ಲಿ ಕುಳಿತು ಎಲ್ಲರಿಗೂ ಟೀ ಬಗ್ಗಿಸುತ್ತಿದ್ದ ಅಮ್ಮ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ, "ಕೊಡೇ. ಅದು ಅವನದೇ ಬೈಕು ತಾನೆ" ಎಂದಳು. ಅಕ್ಕಪಕ್ಕದವರು ಸ್ಪ್ಯಾನರ್ ಕೆಳಗಿಟ್ಟು ನಮ್ಮ ಕಡೆಯೇ ನೋಡುತ್ತಿದ್ದರು. ಕ್ಲಬ್ಬಿನ ಕಾರ್ಯದರ್ಶಿಯೂ ಕೈಕಟ್ಟಿ ನಿಂತಿದ್ದರು. ಕೊಟ್ಟೆ.

"ಗೇರು ಉಲ್ಟಾ ಇದೆ. ತುಳಿದ್ರೆ ಏರತ್ತೆ. ತಡಿ, ನಿಂಗೆ ಬೇಕಾದ ಹಾಗೆ ತಿರುಗಿಸಿ ಕೊಡ್ತೀನಿ, ಚಿಟಿಕೆ ಹೊಡಿಯೋಷ್ಟರಲ್ಲಿ ಆಗತ್ತೆ."

"ಊರಿಗೆಲ್ಲ ಗಾಡಿ ಕಲಿಸೋನು ನಾನು. ನಂಗೆ ಗೇರು ಹೇಳಿಕೊಡ್ತೀಯಾ?"

ಆದರೂ ನಾನು ಬಿಡಲಿಲ್ಲ. ಟ್ಯಾಂಕಿನ ಮೇಲೆ ಬಿಳಿ ಟೇಪು ಅಂಟಿಸಿ, ಕೆಳಮುಖದ ಬಾಣ ಬರೆದು, ಪಕ್ಕದಲ್ಲಿ 'ಏರು' ಎಂದು ಬರೆದೆ. ಶಿಷ್ಯರು ನೋಡುತ್ತಿದ್ದಾರೆಂದು ಅವನು ಅದನ್ನು ಕಿತ್ತು ಉಂಡೆ ಮಾಡಿ ನನ್ನ ಕೈಗೇ ಇಟ್ಟ.

ಮೊದಲ ಸುತ್ತುಗಳಲ್ಲಿ ಚೆನ್ನಾಗಿಯೇ ಓಡಿಸಿದ. ಕಾಲಿಗೆ ಬುದ್ಧಿ ಹೇಳಿ ಹೇಳಿ ಓಡಿಸುತ್ತಿದ್ದಾನೆ ಎಂದು ಎಂಜಿನ್ನಿನ ಸದ್ದಿನಲ್ಲೇ ನನಗೆ ಗೊತ್ತಾಗುತ್ತಿತ್ತು. ಆಮೇಲೆ ಯಾರೋ ಅವನನ್ನು ಹಿಂದೆ ಹಾಕಿದರು. ಅಲ್ಲಿಗೆ ಅವನ ತಲೆ ಕೆಟ್ಟಿತು. ತಲೆ ಕೆಟ್ಟಾಗ ಕಾಲು ಹಳೆಯ ಚಾಳಿಗೇ ಮರಳುತ್ತದೆ. ಎಡತಿರುವು ಮುಗಿದು ನೇರ ರಸ್ತೆಯಲ್ಲಿ ವೇಗ ಏರಿದಾಗ, ಗೇರು ಏರಿಸಲೆಂದು ಲಿವರನ್ನು ಎತ್ತಿದ. ಗೇರು ಇಳಿಯಿತು. ಎಂಜಿನ್ನು ಕಿರುಚಿದ್ದು ಬೇಲಿಯವರೆಗೂ ಕೇಳಿಸಿತು. ಹಿಂದಿನ ಚಕ್ರ ಕಚ್ಚಿಕೊಂಡು, ಅವನನ್ನು ಎಸೆದು, ಬೈಕು ಪಲ್ಟಿ ಹೊಡೆಯುತ್ತ ಹೋಗಿ ಟೈರುಗಳ ಗೋಡೆಗೆ ಬಡಿಯಿತು.

ಅವನಿಗೆ ಭುಜದ ಮೂಳೆ ಮುರಿಯಿತು. ನನ್ನ ಎಂಜಿನ್ನಿನ ಹೊಟ್ಟೆ ಒಡೆದು ಎಣ್ಣೆ ಹರಿಯುತ್ತಿತ್ತು. ಸ್ಟ್ರೆಚರಿನ ಮೇಲೆ ಮಲಗಿಯೇ ಅವನು ಅಮ್ಮನಿಗೆ ಹೇಳಿದ್ದು ಒಂದೇ ಮಾತು: "ಗೇರು ಉಲ್ಟಾ ಹಾಕಿಟ್ಟಿದ್ಲು ಕಣಮ್ಮ."

ಅಮ್ಮ ನನ್ನ ಮುಖ ನೋಡಿದಳು. "ಹೇಳ್ಬಾರ್ದಿತ್ತಾ?"

ಉಂಡೆಯಾದ ಟೇಪು ಇನ್ನೂ ನನ್ನ ಮುಷ್ಟಿಯಲ್ಲಿತ್ತು. ಬಿಡಿಸಿ ತೋರಿಸಿದೆ. ಅವಳು ಅದನ್ನು ನೋಡದೆ ಆಂಬುಲೆನ್ಸ್ ಹತ್ತಿದಳು. ಊಟದ ನಂತರ ನನ್ನ ವಿಭಾಗದವರು ಹೊರಟರು. ಅವರ ಹತ್ತಿರ ಬೈಕು ಕೇಳುವ ಹಾಗಿರಲಿಲ್ಲ, ಎಲ್ಲರೂ ತಂತಮ್ಮದರ ಮೇಲೆ ಕುಳಿತಿದ್ದರು. ಷೀಲ್ಡು ಬೇರೆಯವರ ಮನೆಗೆ ಹೋಯಿತು. ಅದನ್ನು ನೋಡುತ್ತ ಬೇಲಿಗೆ ಒರಗಿ ಅತ್ತೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದೇನೆಂದು ಎಲ್ಲರೂ ಅಂದುಕೊಂಡರು.

ವರ್ಷದ ಕೊನೆಗೆ ಕ್ಲಬ್ಬಿನ ಸಭಾಂಗಣದಲ್ಲಿ ಊಟ. ಊಟವಾದ ಮೇಲೆ ತಮಾಷೆಗೆಂದು ಬಿದ್ದವರ ಬಹುಮಾನ ಕೊಡುತ್ತಾರೆ: ಆ ವರ್ಷ ಎಲ್ಲರಿಗಿಂತ ಜೋರಾಗಿ ಬಿದ್ದ ಬೈಕಿನ ಒಂದು ತುಂಡನ್ನು ಹಲಗೆಗೆ ಬಿಗಿದಿರುತ್ತಾರೆ. ಒಂದೇ ದಿನ ಎರಡು ಬೈಕು ಮಲಗಿಸಿದ ಮೇಷ್ಟ್ರಿಗಲ್ಲದೆ ಇನ್ಯಾರಿಗೆ? ಕಾರ್ಯದರ್ಶಿ ಬಟ್ಟೆ ಸರಿಸಿದರು. ಹಲಗೆಯ ಮೇಲೆ ಇದ್ದದ್ದು ನನ್ನ ಲಿವರ್.

ಕೈಯನ್ನು ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ತೂಗುಹಾಕಿಕೊಂಡೇ ಅಣ್ಣ ಮೈಕು ಹಿಡಿದ. "ಇದರಲ್ಲಿ ಅರ್ಧ ನನ್ನ ತಂಗೀದು. ಇಷ್ಟು ವರ್ಷ ಸಾಕಿದ ಅಣ್ಣನ್ನ ಒಂದೇ ಗೇರಲ್ಲಿ ಮಲಗಿಸಿಬಿಟ್ಲು." ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಅಮ್ಮ ಮೊಣಕೈಯಿಂದ ತಿವಿದು, "ಹೋಗು, ನಗ್ತಾ ಹೋಗು" ಎಂದಳು.

ಹೋದೆ. ನಗಲಿಲ್ಲ. ಸ್ಕ್ರೂಡ್ರೈವರ್ ಇಲ್ಲದೆ ನಾನು ಮನೆಯಿಂದ ಹೊರಗೆ ಕಾಲಿಡುವವಳಲ್ಲ. ವೇದಿಕೆಯ ಮೇಲೆಯೇ ಸ್ಕ್ರೂಗಳನ್ನು ಬಿಚ್ಚಿ ಅಣ್ಣನ ಅಂಗೈಗೆ ಹಾಕಿದೆ, ಲಿವರನ್ನು ನಾನಿಟ್ಟುಕೊಂಡೆ.

"ಇದು ನಂದು. ಉಳಿದದ್ದೆಲ್ಲ ನಿಂದೇ."

ನಗು ನಿಂತಿತು. ಅಣ್ಣ ಮತ್ತೆ ಮೈಕಿನ ಹತ್ತಿರ ಬಾಯಿ ತಂದು, "ಬೇಜಾರ್ ಮಾಡ್ಕೋಬೇಡ ಕಣೇ. ನಾನು ಇನ್ನೂ ದೊಡ್ಡದು ತಗೋತಿದ್ದೀನಿ. ಫೋರ್ಕು ಬಗ್ಗಿದ ಬೈಕಿದ್ಯಲ್ಲ, ಅದು ಇನ್ನು ನಿಂದೇ" ಎಂದ. ಚಪ್ಪಾಳೆಯ ಮೇಲೆ ಚಪ್ಪಾಳೆ ಬಿತ್ತು. ಹಿಂದಿನ ಸಾಲಿನವರು ಎದ್ದೂ ನಿಂತರು.

ಮನೆಗೆ ನಡೆದು ಬರುವಾಗ ಅಮ್ಮನ ಹೆಮ್ಮೆಗೆ ಮೇರೆಯೇ ಇರಲಿಲ್ಲ. "ಅಷ್ಟು ಜನರ ಎದುರಿಗೆ ಹಾಗೆ ಮಾಡಿದೆ, ಆದ್ರೂ ಕೊಟ್ಟ ನೋಡು. ಈಗಲಾದ್ರೂ ತಗೋತೀಯೋ, ಇಲ್ಲ ಅದಕ್ಕೂ ಮೂಗು ಮುರೀತೀಯೋ?"

"ಬೇಡ. ಅದಕ್ಕೆ ಈ ಲಿವರ್ ಕೂರಲ್ಲ" ಎಂದೆ.

"ಅದು ನಿನಗೆ ಹೇಗೆ ಗೊತ್ತು?"

ಅವನು ಆಸ್ಪತ್ರೆಯಲ್ಲಿ ಮಲಗಿದ್ದಾಗ, ಯಾರೂ ಇಲ್ಲದ ಹೊತ್ತು ನೋಡಿ ಶೆಡ್ಡಿಗೆ ಹೋಗಿ, ಬಗ್ಗಿದ ಆ ಬೈಕಿನ ಪಕ್ಕ ಮಂಡಿಯೂರಿ, ಲಿವರ್ ಕೂರುವ ಕಡೆಯ ಅಳತೆಯನ್ನು ನಾನು ಆಗಲೇ ತೆಗೆದುಕೊಂಡಿದ್ದೆ.